ಬಿನ್ನಹಕ್ಕೆ ಮೊದಲು ಸ್ತುತಿ ಕಡ್ಡಾಯವೇ?

ಬಯಲುಸೀಮೆ (ಪ್ರಶ್ನೆ)

ಎಲ್ಲರಿಗೂ ವಂದನೆ. ನಾನು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆಯಲ್ಲಿ ಬೆಳೆದವನು. ಈಚೆಗೆ ನಮ್ಮ ಬಡಾವಣೆಯ ಮನೆಗಳಲ್ಲಿ ಸರದಿಯಂತೆ ನಡೆಯುವ ಪ್ರಾರ್ಥನಾಕೂಟಕ್ಕೂ ಹೋಗುತ್ತಿದ್ದೇನೆ. ಅಲ್ಲಿ ಯಾರೇ ಆಗಲಿ ತಮ್ಮ ಬಿನ್ನಹವನ್ನು ಹೇಳಿಕೊಳ್ಳುವ ಮೊದಲು ಬಹಳ ಹೊತ್ತು ಸ್ತೋತ್ರ ಸಲ್ಲಿಸಬೇಕೆಂಬ ಪದ್ಧತಿಯಿದೆ. ಹಾಡು, ಚಪ್ಪಾಳೆ, 'ಕರ್ತನಿಗೆ ಸ್ತೋತ್ರ' ಎಂಬ ಘೋಷ, ಇವುಗಳ ಬಗ್ಗೆ ನನ್ನ ತಕರಾರೇನೂ ಇಲ್ಲ. ಎಷ್ಟೋ ಸಲ ಅವುಗಳಿಂದ ಮನಸ್ಸು ಹಗುರವಾಗಿದೆ. ತೊಡಕಿರುವುದು ಅದಕ್ಕೆ ಕೊಡುವ ವಿವರಣೆಯಲ್ಲಿ. ಸ್ತುತಿಯಿಲ್ಲದ ಬೇಡಿಕೆ ದೇವರನ್ನು ಮುಟ್ಟುವುದಿಲ್ಲ, ಸಾಕಷ್ಟು ಸ್ತುತಿಸಿದವರಿಗೆ ಮಾತ್ರ ಉತ್ತರ ದೊರೆಯುತ್ತದೆ ಎಂದು ಅಲ್ಲಿ ಕಲಿಸುತ್ತಾರೆ. ಮಗನನ್ನು ಆಗಷ್ಟೇ ಕಳೆದುಕೊಂಡು ಅಳುತ್ತ ಕುಳಿತಿದ್ದ ತಾಯಿಯೊಬ್ಬರಿಗೂ 'ಮೊದಲು ಸ್ತೋತ್ರ ಹೇಳಿ, ಸಮಾಧಾನ ತಾನಾಗಿ ಬರುತ್ತದೆ' ಎಂದು ಹೇಳಿದಾಗ ನನಗೆ ಅದು ಒಪ್ಪಿಗೆಯಾಗಲಿಲ್ಲ.

ನನ್ನ ಸಂದೇಹಗಳು ಎರಡು. ಹೊಗಳಿಕೆ ಹೊನ್ನಶೂಲವೆಂದು ಎಚ್ಚರಿಸುವ ನುಡಿ ನಮ್ಮದು. ಎದುರಿಗೆ ನಿಂತು ಹೊಗಳಿ ಕೆಲಸ ಮಾಡಿಸಿಕೊಳ್ಳುವವನನ್ನು ನಾವು ಗೌರವದಿಂದ ಕಾಣುವುದಿಲ್ಲ, ಹೊಗಳಿಸಿಕೊಂಡು ಕೊಡುವವನನ್ನಂತೂ ಇನ್ನೂ ಕಡಿಮೆ. ಹಾಗಿರುವಾಗ ಸ್ತುತಿಯನ್ನು ಕೇಳಿದ ಮೇಲೆಯೇ ಕೈಯೆತ್ತಿ ಕೊಡುವ ದೇವರಿಗೂ ವಂದಿಮಾಗಧರನ್ನು ಸುತ್ತ ನಿಲ್ಲಿಸಿಕೊಂಡ ಅರಸನಿಗೂ ಏನು ಅಂತರ? ಎರಡನೆಯದಾಗಿ, ಸ್ತುತಿಸುವ ಮನಸ್ಥಿತಿಯೇ ಇಲ್ಲದವನು ಬರೇ ಅಳಲನ್ನಷ್ಟೇ ದೇವರ ಮುಂದಿಟ್ಟರೆ ಅದು ಪ್ರಾರ್ಥನೆಯೆನಿಸುವುದಿಲ್ಲವೇ? ವಿಶ್ವಾಸದ ವಿಷಯದಲ್ಲಿ ಪ್ರಶ್ನೆ ಕೇಳಬಾರದೆಂಬ ಉತ್ತರ ದಯವಿಟ್ಟು ಬೇಡ. ಬೈಬಲಿನ ವೇದವಾಕ್ಯದ ಮತ್ತು ಸಭೆಯ ಪರಂಪರೆಯ ಆಧಾರದಿಂದ ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಕಡಲತಡಿ (ಉತ್ತರ)

ನಿಮ್ಮ ಮೊದಲ ಸಂದೇಹಕ್ಕೆ ವೇದದಲ್ಲೇ ನೇರ ಉತ್ತರವಿದೆ. ಬೈಬಲಿನ ಕೀರ್ತನೆಗಳ ಗ್ರಂಥದ 50ನೆಯ ಕೀರ್ತನೆಯಲ್ಲಿ ದೇವರು ತನ್ನ ಜನರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ: ಕಾಡಿನ ಮೃಗಗಳೆಲ್ಲ ನನ್ನವು, ಬೆಟ್ಟಗಳ ಮೇಲಿನ ಪಶುಗಳೂ ನನ್ನವು, ನನಗೆ ಹಸಿವಾದರೆ ನಿಮಗೆ ಹೇಳುವ ಅಗತ್ಯವೇನು ಎಂದು ಕೇಳುತ್ತಾನೆ. ಗಮನಿಸಬೇಕಾದುದು ಆ ಮಾತಿನ ಬೆನ್ನಿಗೇ ಬರುವ ಆಜ್ಞೆ. ಹೋರಿ, ಹೋತಗಳು ಬೇಡವೆಂದವನು ಸ್ತುತಿಯೆಂಬ ಯಜ್ಞವನ್ನು ಅರ್ಪಿಸಿರೆಂದೂ ಕಷ್ಟಕಾಲದಲ್ಲಿ ನನಗೆ ಮೊರೆಯಿಡಿರೆಂದೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಕೊರತೆಯೇ ಇಲ್ಲದವನು ತನ್ನ ಕೊರತೆ ತುಂಬಿಕೊಳ್ಳಲು ಸ್ತುತಿಯನ್ನು ಕೇಳಲಾರನಾದ್ದರಿಂದ, ಅದನ್ನು ಕೇಳುವುದು ಕೊಡುವವರ ಸಲುವಾಗಿಯೇ ಇರಬೇಕು. ಅರಸನ ಹೋಲಿಕೆ ಇಲ್ಲಿಗೆ ನಿಂತುಹೋಗುತ್ತದೆ. ವಂದಿಮಾಗಧರಿಲ್ಲದೆ ಅರಸ ಕುಗ್ಗುತ್ತಾನೆ, ದೇವರು ಕುಗ್ಗುವುದಿಲ್ಲ.

ಕಥೋಲಿಕರ ಬಲಿಪೂಜೆಯಲ್ಲಿ (ಮಾಸ್) ಇದೇ ವಿಚಾರ ಇನ್ನೂ ಬಿಚ್ಚುಮಾತಿನಲ್ಲಿ ಬರುತ್ತದೆ. 'ಪರಿಶುದ್ಧರು, ಪರಿಶುದ್ಧರು, ಪರಿಶುದ್ಧರು' ಎಂದು ಜನರೆಲ್ಲ ಹಾಡುವುದಕ್ಕೆ ಮುಂಚೆ ಗುರುಗಳು ಹೇಳುವ ಕೃತಜ್ಞತಾ ಪ್ರಾರ್ಥನೆಗಳಲ್ಲಿ, ಸಾಮಾನ್ಯ ದಿನಗಳಿಗೆಂದಿರುವ ನಾಲ್ಕನೆಯದರ ಅರ್ಥ ಹೀಗಿದೆ: ನಮ್ಮ ಸ್ತುತಿ ನಿಮಗೆ ಅಗತ್ಯವಿಲ್ಲ, ನಿಮ್ಮನ್ನು ಕೊಂಡಾಡುವ ಮನಸ್ಸು ನಮ್ಮಲ್ಲಿರುವುದೂ ನಿಮ್ಮ ವರವೇ, ನಮ್ಮ ಹಾಡುಗಳು ನಿಮ್ಮ ಹಿರಿಮೆಗೆ ಏನನ್ನೂ ಕೂಡಿಸುವುದಿಲ್ಲ, ಆದರೆ ನಮ್ಮ ರಕ್ಷಣೆಗೆ ನೆರವಾಗುತ್ತವೆ. ದೇವರನ್ನು ಸ್ತುತಿಸಲು ನಿಂತವನು ಆ ಹೊತ್ತಿನಲ್ಲೇ ದೇವರ ಮುಂದೆ, ಇದು ನಿಮಗೆ ಬೇಕಾಗಿಲ್ಲವೆಂದು ಗೊತ್ತು ಎಂದು ಒಪ್ಪಿಕೊಳ್ಳುತ್ತಾನೆ. ಮುಖಸ್ತುತಿ ಮಾಡುವವನು ಎಂದಾದರೂ ಹೀಗೆ ಮಾತಾಡಿಯಾನೇ? ಅವನ ವ್ಯಾಪಾರವೆಲ್ಲ ನಿಂತಿರುವುದೇ ತನ್ನ ಮಾತು ಎದುರಿನವನಿಗೆ ಬೇಕು ಎಂಬ ಲೆಕ್ಕದ ಮೇಲೆ.

ಸಂತ ಅಗಸ್ಟೀನರು 4ನೇ ಶತಮಾನದ ಕೊನೆಯಲ್ಲಿ ತಮ್ಮ ಆತ್ಮನಿವೇದನೆಯನ್ನು ಬರೆಯತೊಡಗಿದಾಗ ಮೊದಲ ಸಾಲಿನಲ್ಲೇ ಸ್ತುತಿಯನ್ನಿಟ್ಟರು. ಅದಾದ ಕೂಡಲೇ, ನಿನ್ನನ್ನು ಸ್ತುತಿಸುವುದರಲ್ಲಿ ಆನಂದಪಡುವಂತೆ ನಮ್ಮನ್ನು ಎಚ್ಚರಿಸುವವನು ನೀನೇ ಎಂದರು. ಸ್ತುತಿಯಿಂದ ಆನಂದ ದೊರೆಯುವುದು ಯಾರಿಗೆ ಎಂಬುದು ಅಲ್ಲಿ ಸ್ಪಷ್ಟವಾಗಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶವು ಬಿನ್ನಹ, ಪರರಿಗಾಗಿ ಮೊರೆ, ಕೃತಜ್ಞತೆ, ಸ್ತುತಿ ಮುಂತಾದವನ್ನು ಪ್ರಾರ್ಥನೆಯ ಬೇರೆ ಬೇರೆ ರೂಪಗಳಾಗಿ ಕಾಣುತ್ತದೆ. ದೇವರು ಮಾಡಿದ ಉಪಕಾರಕ್ಕಾಗಿ ಸಲ್ಲಿಸುವುದು ಕೃತಜ್ಞತೆ; ಆತನು ದೇವರಾಗಿದ್ದಾನೆ ಎಂಬ ಒಂದೇ ಕಾರಣಕ್ಕೆ ಸಲ್ಲಿಸುವುದು ಸ್ತುತಿ. ಈ ಭೇದ ಮುಖ್ಯವಾದುದು. ಪಡೆಯುವುದಕ್ಕಾಗಿ ಸಲ್ಲಿಸಿದ ಸ್ತುತಿ ವೇಷ ಹಾಕಿದ ಬೇಡಿಕೆಯಷ್ಟೆ. ಬೇಡುವುದರಲ್ಲಿ ತಪ್ಪಿಲ್ಲ, ಬೇಡಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ. ಬೇಡಿಕೆಗೆ ವೇಷ ಏಕೆ?

ಇನ್ನೊಂದು ಮಾತು. ವರ್ಷವಿಡೀ ಒಂದೇ ಧ್ವನಿಯಲ್ಲಿ ಸ್ತುತಿಸಬೇಕೆಂದು ನಮ್ಮ ಪೂಜಾವಿಧಿಯೂ ಹೇಳುವುದಿಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನಕಾಲ ಮತ್ತು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಭಾನುವಾರಗಳಲ್ಲಿ ಮಹಿಮಾಗೀತೆಯನ್ನು ಬಿಡುತ್ತಾರೆ. ತಪಸ್ಸುಕಾಲದಲ್ಲಿ ಅಲ್ಲೆಲೂಯವೂ ಇಲ್ಲ. ಸ್ತುತಿಯ ಕೆಲವು ಹಾಡುಗಳನ್ನು ವಾರಗಟ್ಟಲೆ ತಡೆಹಿಡಿದ ಮೇಲೂ ಪ್ರಾರ್ಥನೆ ಎಲ್ಲೂ ಕಡಿದುಹೋಗುವುದಿಲ್ಲ.

ಹಳೆಪೇಟೆ (ಉತ್ತರ)

ನಾನು ಪೆಂತೆಕೋಸ್ತ ಸಭೆಯವನು. ಮೇಲಿನ ಉತ್ತರದಲ್ಲಿ ಒಪ್ಪದ ಮಾತು ಹೆಚ್ಚಿಲ್ಲ. ಆದರೂ ಸ್ತುತಿಯಿಂದ ಆರಂಭಿಸುವ ಪದ್ಧತಿಯನ್ನೇ ಸಂದೇಹದಿಂದ ನೋಡುವುದು ಬೇಡವೆಂದು ಹೇಳಬಯಸುತ್ತೇನೆ. ಇದು ನಮ್ಮ ಕೂಟಗಳು ಹುಟ್ಟಿಸಿದ ಕ್ರಮವೂ ಅಲ್ಲ. 3ನೇ ಶತಮಾನದಲ್ಲಿ ಪ್ರಾರ್ಥನೆಯ ಬಗ್ಗೆ ಬರೆದ ಆದಿಸಭೆಯ ಪಂಡಿತ ಒರಿಗೆನನು ಮೊದಲು ದೇವರ ಮಹಿಮೆಯನ್ನು ಸಾರಿ, ಬಳಿಕ ಕೃತಜ್ಞತೆ ಸಲ್ಲಿಸಿ, ಪಾಪವನ್ನು ಅರಿಕೆಮಾಡಿ, ಆಮೇಲೆ ಬೇಡಿಕೊಂಡು, ಕೊನೆಗೆ ಮತ್ತೆ ಮಹಿಮೆಯಲ್ಲೇ ಮುಗಿಸಬೇಕೆಂದು ಹೇಳಿದ್ದಾನೆ.

ಸ್ತುತಿ ಮೊದಲು ಬಂದಾಗ ಏನಾಗುತ್ತದೆಂಬುದಕ್ಕೆ ನನಗೆ ತಿಳಿದಂತೆ ಅತ್ಯುತ್ತಮ ಉದಾಹರಣೆ ಅಪೊಸ್ತಲರ ಕೃತ್ಯಗಳ 4ನೆಯ ಅಧ್ಯಾಯದಲ್ಲಿದೆ. ಯೇಸುವಿನ ಹೆಸರೆತ್ತಬಾರದೆಂದು ಯೆಹೂದ್ಯರ ಹಿರೀಸಭೆಯವರು ಯೇಸುವಿನ ಶಿಷ್ಯರಾದ ಪೇತ್ರ ಯೋಹಾನರನ್ನು ಬೆದರಿಸಿ ಬಿಟ್ಟಿರುತ್ತಾರೆ. ಇಬ್ಬರೂ ಬಂದು ತಮ್ಮವರಿಗೆ ಸುದ್ದಿ ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ನಾವಾಗಿದ್ದರೆ ಏನು ಕೇಳುತ್ತಿದ್ದೆವು? ಈ ಕಾಟ ತಪ್ಪಿಸು, ಆ ಜನರನ್ನು ಅಧಿಕಾರದಿಂದ ಇಳಿಸು ಎಂದೇ ಕೇಳುತ್ತಿದ್ದೆವು. ಅವರು ಆಕಾಶ, ಭೂಮಿ, ಸಮುದ್ರಗಳನ್ನು ಉಂಟುಮಾಡಿದ ಒಡೆಯನೇ ಎಂದು ಆರಂಭಿಸುತ್ತಾರೆ. ಅರಸರು ಒಟ್ಟುಗೂಡಿ ದೇವರಿಗೆ ಇದಿರಾಗಿ ನಿಂತರೂ ವ್ಯರ್ಥವೆನ್ನುವ 2ನೆಯ ಕೀರ್ತನೆಯನ್ನು ನೆನೆಯುತ್ತಾರೆ. ಹೆರೋದನೂ ಪಿಲಾತನೂ ಸೇರಿ ಮಾಡಿದ್ದು ಕೂಡ ನಿನ್ನ ಸಂಕಲ್ಪವನ್ನು ಮೀರಲಿಲ್ಲವೆಂದು ಹೇಳುತ್ತಾರೆ. ಅಷ್ಟೆಲ್ಲ ಆದ ಮೇಲೆ ಬರುವ ಬೇಡಿಕೆ ಬಹಳ ಚಿಕ್ಕದು: ಅವರ ಬೆದರಿಕೆಗಳನ್ನು ನೋಡು, ನಿನ್ನ ವಾಕ್ಯವನ್ನು ಧೈರ್ಯದಿಂದ ಹೇಳುವ ಶಕ್ತಿಯನ್ನು ನಿನ್ನ ದಾಸರಿಗೆ ಕೊಡು. ಬೆದರಿಕೆಯನ್ನು ತೊಲಗಿಸೆಂದು ಅವರು ಕೇಳಲೇ ಇಲ್ಲ. ಸ್ತುತಿಯು ದೇವರ ಮನಸ್ಸನ್ನು ಬದಲಿಸಿತೆಂದು ಅಲ್ಲಿ ಬರೆದಿಲ್ಲ. ಬದಲಾದದ್ದು ಬೇಡುವವರ ಬೇಡಿಕೆ ಎಂಬುದು ಮಾತ್ರ ಓದಿದವರಿಗೆಲ್ಲ ಕಾಣುತ್ತದೆ. ಸ್ತುತಿಯ ಪಾತ್ರದ ಬಗ್ಗೆ ನಾನು ಹೇಳಬೇಕಾದದ್ದರಲ್ಲಿ ಹೆಚ್ಚಿನದು ಇಷ್ಟೇ.

ನಮ್ಮ ಕೂಟಗಳಲ್ಲಿ ಪದೇ ಪದೇ ಉದಾಹರಿಸುವ ಯೆಹೂದದ ಅರಸ ಯೆಹೋಷಾಫಾಟನ ಪ್ರಸಂಗವನ್ನೂ ನಿಧಾನವಾಗಿ ಓದಬೇಕು. ಗಾಯಕರನ್ನು ಸೈನ್ಯದ ಮುಂದೆ ನಿಲ್ಲಿಸಿ ಸ್ತೋತ್ರಗಾನ ಮಾಡಿಸಿದ, ಶತ್ರುಗಳು ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತರು, ಆದ್ದರಿಂದ ಸ್ತುತಿಯೇ ಆಯುಧ ಎಂದು ಬೋಧಿಸುತ್ತಾರೆ. ಗಾಯನ ಆರಂಭವಾದ ಕ್ಷಣದಲ್ಲೇ ಶತ್ರುಗಳಿಗೆ ಸೋಲು ಒದಗಿತೆಂದು ಪೂರ್ವಕಾಲವೃತ್ತಾಂತದ ಎರಡನೆಯ ಗ್ರಂಥದ 20ನೆಯ ಅಧ್ಯಾಯದಲ್ಲಿ ಇರುವುದೂ ನಿಜ. ಆದರೆ ಅದಕ್ಕೆ ಹಿಂದಿನ ದಿನದ ಕಥೆಯನ್ನು ಯಾರೂ ಹೇಳುವುದಿಲ್ಲ. ಆ ದಿನ ಅರಸನು ಜನರೆದುರಿಗೆ ನಿಂತು, ಈ ದೊಡ್ಡ ಗುಂಪನ್ನು ಎದುರಿಸುವ ಬಲ ನಮಗಿಲ್ಲ, ಏನು ಮಾಡಬೇಕೋ ತೋಚುತ್ತಿಲ್ಲ, ನಮ್ಮ ಕಣ್ಣು ನಿನ್ನ ಮೇಲೆಯೇ ಇದೆ ಎಂದು ಪ್ರಾರ್ಥಿಸಿದ್ದ. ಹೆಂಡಿರು ಮಕ್ಕಳೊಂದಿಗೆ ಯೆಹೂದದವರೆಲ್ಲ ಅಲ್ಲಿ ನಿಂತಿದ್ದರು. ಆಗ ಆಸಾಫನ ವಂಶದ ಲೇವಿಯೊಬ್ಬನ ಬಾಯಿಂದ, ಯುದ್ಧ ನಿಮ್ಮದಲ್ಲ, ದೇವರದೇ ಎಂಬ ಅಭಯವಚನ ಬಂತು. ಅದನ್ನು ನಂಬಿದವರು ಮರುದಿನ ಹಾಡಿದರು. ಮಾತು ಮೊದಲು ಬಂತು, ಹಾಡು ಆಮೇಲೆ. ಹಾಡಿ ಅಭಯವನ್ನು ಸಂಪಾದಿಸಿಕೊಂಡದ್ದಲ್ಲ.

ಫಿಲಿಪ್ಪಿಯ ಸೆರೆಮನೆಯ ವಿಷಯವೂ ಹಾಗೆಯೇ. ಛಡಿಯೇಟು ತಿಂದು, ಕಾಲುಗಳನ್ನು ಕೋಳಕ್ಕೆ ಸಿಕ್ಕಿಸಿಕೊಂಡಿದ್ದ ಪೌಲ ಸೀಲರು ನಡುರಾತ್ರಿಯಲ್ಲಿ ಪ್ರಾರ್ಥಿಸುತ್ತ ಸ್ತುತಿಪದಗಳನ್ನು ಹಾಡಿದರು, ಭೂಕಂಪವಾಯಿತು, ಬಾಗಿಲುಗಳು ತೆರೆದವು. ಬಾಗಿಲು ತೆರೆಯಲೆಂದೇ ಹಾಡಿದ್ದರೆ ತೆರೆದ ಕೂಡಲೇ ಓಡಿಹೋಗುತ್ತಿದ್ದರು. ಅವರು ಅಲ್ಲೇ ಇದ್ದರು, ಕತ್ತಿ ಹಿರಿದು ಸಾಯಲು ಹೊರಟಿದ್ದ ಸೆರೆಮನೆಯ ಅಧಿಕಾರಿಗೆ 'ನಾವೆಲ್ಲರೂ ಇಲ್ಲೇ ಇದ್ದೇವೆ' ಎಂದು ಕೂಗಿ ಹೇಳಿದರು. ಈ ಭಾಗವನ್ನು ಬಿಟ್ಟು ಭೂಕಂಪವನ್ನಷ್ಟೇ ಬೋಧಿಸುವ ನಮ್ಮವರ ಮೇಲೆ ನನಗೂ ಸಿಟ್ಟಿದೆ.

ಮಲೆನಾಡ ಮಳೆ (ಉತ್ತರ)

ನಿಮ್ಮ ಎರಡನೆಯ ಪ್ರಶ್ನೆಯನ್ನು ಇಬ್ಬರೂ ಪೂರ್ತಿಯಾಗಿ ಮುಟ್ಟಿಲ್ಲ. ಆ ತಾಯಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದುದು. ದುಃಖದಲ್ಲಿರುವವರು ತಾವಾಗಿ ಸ್ತುತಿಸುವುದು ಬೇರೆ, ಸ್ತುತಿಸಿರೆಂದು ಪಕ್ಕದವರು ಅವರಿಗೆ ಆಜ್ಞಾಪಿಸುವುದು ಬೇರೆ. ಗಡೀಪಾರಿನ ದಾರಿಯಲ್ಲಿ ನಡೆಸಿ ನಡೆಸಿಯೇ ಬಳಲಿಸಲ್ಪಟ್ಟ ಬಿಷಪ್ ಯೋಹಾನ ಕ್ರಿಸೊಸ್ತೊಮರು 407ರಲ್ಲಿ ಪ್ರಾಣ ಬಿಡುವಾಗ 'ಎಲ್ಲದಕ್ಕಾಗಿ ದೇವರಿಗೆ ಮಹಿಮೆ' ಎಂದರೆಂದು ಅವರ ಚರಿತ್ರಕಾರರು ದಾಖಲಿಸಿದ್ದಾರೆ. ಅದನ್ನು ಹೇಳುವ ಹಕ್ಕು ನಡೆದವರಿಗಿತ್ತು. ಅವರನ್ನು ನಡೆಸಿದ ಸೈನಿಕರು ಹಾಗೆ ಹೇಳೆಂದು ಒತ್ತಾಯಿಸಿದ್ದರೆ ಅದು ಕ್ರೌರ್ಯವಾಗುತ್ತಿತ್ತು.

ಯೋಬನನ್ನು ನೋಡಿ. ಮಕ್ಕಳು ಸತ್ತ ಸುದ್ದಿ ಬಂದಾಗ ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು, ಆತನ ನಾಮಕ್ಕೆ ಸ್ತೋತ್ರವಾಗಲಿ ಎನ್ನುತ್ತಾನೆ. ಶವಸಂಸ್ಕಾರಗಳಲ್ಲಿ ಈ ವಚನವನ್ನು ಓದುತ್ತೇವೆ, ಅಲ್ಲಿಗೆ ನಿಲ್ಲಿಸುತ್ತೇವೆ. ಅದೇ ಯೋಬ 3ನೆಯ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಮುಂದೆ ಪುಟಗಟ್ಟಲೆ ದೇವರೊಂದಿಗೆ ವಾದಕ್ಕಿಳಿಯುತ್ತಾನೆ. ಅವನ ಗೆಳೆಯರೋ ದೇವರ ಪಕ್ಷ ವಹಿಸಿ, ಆತನ ನ್ಯಾಯವನ್ನೂ ಹಿರಿಮೆಯನ್ನೂ ಬಣ್ಣಿಸುತ್ತ ಹೋಗುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ: ನನ್ನ ಸೇವಕನಾದ ಯೋಬನು ಆಡಿದಂತೆ ನೀವು ನನ್ನ ವಿಷಯವಾಗಿ ಯುಕ್ತವಾದದ್ದನ್ನು ಆಡಲಿಲ್ಲ ಎಂದು. ದೇವರನ್ನು ಹೊಗಳಿದವರಿಗೆ ಬೈಗುಳ, ದೇವರೊಡನೆ ಜಗಳವಾಡಿದವನಿಗೆ ಮೆಚ್ಚುಗೆ.

ಕೀರ್ತನೆಗಳ ಗ್ರಂಥವೂ ಇದಕ್ಕೆ ಸಾಕ್ಷಿ. ಹೀಬ್ರೂ ಸಂಪ್ರದಾಯದಲ್ಲಿ ಆ ಗ್ರಂಥಕ್ಕೆ 'ಸ್ತುತಿಗಳು' ಎಂದೇ ಹೆಸರು. ಒಳಗೆ ತೆರೆದು ನೋಡಿದರೆ ಅಳಲಿನ ಹಾಡುಗಳೇ ಎಲ್ಲಕ್ಕಿಂತ ಹೆಚ್ಚು. ಅವುಗಳಲ್ಲಿ ಬಹುತೇಕ ಎಲ್ಲವೂ ಕೊನೆಯ ಹೊತ್ತಿಗೆ ಭರವಸೆಗೋ ಸ್ತುತಿಗೋ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ. ಅದು ಕತ್ತಲಿನ ಮಾತಿನೊಂದಿಗೇ ನಿಂತುಬಿಡುತ್ತದೆ. ಸಂಗ್ರಹಿಸಿದವರು ಅದರ ತುದಿಗೆ ಸ್ತೋತ್ರದ ಸಾಲೊಂದನ್ನು ಹೊಲಿದು ಸರಿಪಡಿಸಬಹುದಿತ್ತು, ಸರಿಪಡಿಸಲಿಲ್ಲ. ಸ್ತುತಿಯಿಲ್ಲದ ಬಿನ್ನಹ ಪ್ರಾರ್ಥನೆಯಲ್ಲವೆನ್ನುವವರು ಈ ಕೀರ್ತನೆಯನ್ನು ಏನು ಮಾಡುತ್ತಾರೆ? ಮುಳುಗುತ್ತಿದ್ದ ಪೇತ್ರನ 'ಸ್ವಾಮೀ, ನನ್ನನ್ನು ಕಾಪಾಡು' ಎಂಬ ಕೂಗನ್ನು, ದಾರಿ ಬದಿಯ ಕುರುಡ ಬಾರ್ತಿಮಾಯನ ಅರಚಾಟವನ್ನು ಏನು ಮಾಡುತ್ತಾರೆ? ಅವರಿಗೆ ಉತ್ತರ ದೊರೆಯಿತು. ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಸ್ತುತಿಸುತ್ತ ಹಿಂತಿರುಗಿದವನು ಒಬ್ಬನೇ, ಗುಣವಾದದ್ದು ಮಾತ್ರ ಹತ್ತೂ ಮಂದಿಗೆ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ನೊಂದು ಕೇಳಿದರೇ ಹೊರತು ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಿಲ್ಲ.

ಸ್ತುತಿಯ ಮಾತು ಬಾಯಲ್ಲಿದ್ದ ಮಾತ್ರಕ್ಕೆ ಪ್ರಾರ್ಥನೆ ಸರಿಯಾಯಿತೆಂದೂ ಅಲ್ಲ. ಯೇಸು ಹೇಳಿದ ಸಾಮತಿಯಲ್ಲಿ ದೇವಾಲಯಕ್ಕೆ ಹೋದ, ಧರ್ಮಶಾಸ್ತ್ರನಿಷ್ಠನಾದ ಫರಿಸಾಯನು ಕೂಟದ ನಿಯಮದಂತೆ ಕೃತಜ್ಞತೆಯಿಂದಲೇ ಆರಂಭಿಸಿದ; ಸುಂಕದವನು ಎದೆ ಬಡಿದುಕೊಂಡು ಕರುಣೆಯನ್ನಷ್ಟೇ ಬೇಡಿದ. ಮನೆಗೆ ನೀತಿವಂತನಾಗಿ ಹೋದವನು ಸುಂಕದವನೇ ಎಂಬುದು ಭಾನುವಾರದ ಶಾಲೆಯ ಮಕ್ಕಳಿಗೂ ಗೊತ್ತು.

ಬಯಲುಸೀಮೆ (ಮರುಪ್ರಶ್ನೆ)

ಮೂವರಿಗೂ ಕೃತಜ್ಞತೆಗಳು. 'ಬದಲಾದದ್ದು ಬೇಡುವವರ ಬೇಡಿಕೆ' ಎಂಬ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಆದರೆ ಕೂಟದಲ್ಲಿ ಈ ವಿಷಯವನ್ನು ಮೆಲ್ಲಗೆ ಎತ್ತಿದಾಗ, ಕರ್ತನಾದ ಯೇಸುವೇ ಕಲಿಸಿದ ಪ್ರಾರ್ಥನೆ ಸ್ತುತಿಯಿಂದ ಆರಂಭವಾಗಿ ಸ್ತುತಿಯಲ್ಲೇ ಮುಗಿಯುತ್ತದೆ, ಇನ್ನೇನು ಆಧಾರ ಬೇಕು ಎಂದು ಹಿರಿಯರೊಬ್ಬರು ಹೇಳಿದರು. ನನಗೆ ಉತ್ತರ ತೋಚಲಿಲ್ಲ.

ಕಡಲತಡಿ (ಉತ್ತರ)

ಆ ಹಿರಿಯರ ಮಾತು ಅರ್ಧ ನಿಜ. 'ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ' ಎಂಬುದನ್ನು ಗಮನವಿಟ್ಟು ಓದಿ. ಅದರ ರೂಪ ಬೇಡಿಕೆಯದು. ನಿನ್ನ ರಾಜ್ಯ ಬರಲಿ, ನಿನ್ನ ಚಿತ್ತ ನೆರವೇರಲಿ ಎಂಬುವೂ ಬೇಡಿಕೆಗಳೇ. ಆದರೆ ಬೇಡುವವನು ತನಗೆಂದು ಇನ್ನೂ ಏನನ್ನೂ ಕೇಳಿಲ್ಲ. ದೇವರ ಹೆಸರು, ದೇವರ ರಾಜ್ಯ, ದೇವರ ಚಿತ್ತ ಇವೇ ಅವನ ಮೊದಲ ಮೂರು ಬಯಕೆಗಳು. ರೊಟ್ಟಿಯ ಮಾತು ಬರುವುದು ಆಮೇಲೆ. ಹಾಗಾಗಿ ಇಲ್ಲಿ ಸ್ತುತಿ ಬೇಡಿಕೆಯ ಮುಂದೆ ಪ್ರತ್ಯೇಕವಾಗಿ ನಿಂತಿಲ್ಲ, ಬೇಡಿಕೆಯ ಒಳಗೇ ಸೇರಿಕೊಂಡಿದೆ. ಮುಗಿಸಬೇಕಾದ ಶುಲ್ಕವೆಂದು ಅದನ್ನು ಅಳೆದು ಕೊಡಲು ಸಾಧ್ಯವೇ ಇಲ್ಲ.

ಕೊನೆಯ ಸ್ತುತಿಯ ವಿಚಾರ ಇನ್ನೂ ಸ್ವಾರಸ್ಯದ್ದು. ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ ಎಂಬ ಸಾಲು ಮತ್ತಾಯನ ಸುವಾರ್ತೆಯ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿಲ್ಲ. ಲೂಕನ ಪಾಠದಲ್ಲಂತೂ ಇಲ್ಲವೇ ಇಲ್ಲ. ಆದರೆ ದಿದಾಖೆ ಎಂಬ ಆದಿಸಭೆಯ ಬೋಧನಾಗ್ರಂಥದಲ್ಲಿ, ಬಲವೂ ಮಹಿಮೆಯೂ ನಿನ್ನವೇ ಎಂಬ ಇದರ ಸಂಕ್ಷಿಪ್ತ ರೂಪವಿದೆ. ಜನರು ಕೂಡಿ ಪ್ರಾರ್ಥಿಸುತ್ತ ಪ್ರಾರ್ಥಿಸುತ್ತ, ಕೇಡಿನ ಹೆಸರೆತ್ತಿ ನಿಲ್ಲಿಸಲು ಮನಸ್ಸೊಪ್ಪದೆ, ಸ್ತುತಿಯನ್ನು ಸೇರಿಸಿಕೊಂಡರೆಂದು ತೋರುತ್ತದೆ. ಯಾರೂ ಅವರಿಗೆ ಅದನ್ನು ಕಡ್ಡಾಯ ಮಾಡಿರಲಾರರು. ಇಂದಿಗೂ ಕಥೋಲಿಕರೂ ಸಿ.ಎಸ್.ಐ.ನವರೂ ಒಟ್ಟಿಗೆ ಸೇರಿದ ಪ್ರಾರ್ಥನೆಗಳಲ್ಲಿ ನಾವು ಕೇಡಿನಿಂದ ರಕ್ಷಿಸು ಎಂಬಲ್ಲಿಗೆ ನಿಲ್ಲಿಸುತ್ತೇವೆ, ನೀವು ಮುಂದುವರಿಸುತ್ತೀರಿ, ಒಂದು ಕ್ಷಣ ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಮ್ಮ ಬಲಿಪೂಜೆಯಲ್ಲಿ ಆ ಸ್ತುತಿ ಇಲ್ಲವೆಂದಲ್ಲ. ಗುರುಗಳು ನಡುವೆ ಇನ್ನೊಂದು ಚಿಕ್ಕ ಪ್ರಾರ್ಥನೆಯನ್ನು ಹೇಳಿದ ಬಳಿಕ ಜನರು ಅದನ್ನು ಹೇಳುತ್ತಾರೆ.

ಹಳೆಪೇಟೆ (ಉತ್ತರ)

ಕೂಟದಲ್ಲಿ ವಾದ ಮಾಡಿ ಗೆಲ್ಲುವುದು ಕಷ್ಟ, ಗೆದ್ದರೂ ಪ್ರಯೋಜನ ಕಡಿಮೆ. ನಿಮ್ಮ ಸರದಿ ಬಂದು ಕೂಟ ನಿಮ್ಮ ಮನೆಯಲ್ಲಿ ನಡೆಯುವ ದಿನ, ಆರಂಭದ ಹಾಡುಗಳಾದ ಮೇಲೆ 13ನೆಯ ಕೀರ್ತನೆಯನ್ನು ಎಲ್ಲರೂ ಸೇರಿ ಓದುವಂತೆ ಮಾಡಿ. ಅದರಲ್ಲಿರುವುದು ಆರೇ ವಚನ. ಮೊದಲೆರಡು ವಚನಗಳಲ್ಲಿ 'ಎಷ್ಟರ ವರೆಗೆ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ನಡುವೆ ಬೇಡಿಕೆಯಿದೆ, ಕಡೆಗೆ ಹಾಡುವೆನೆಂಬ ಮಾತಿದೆ. ನಾವು ಕಲಿಸುವ ಕ್ರಮಕ್ಕೆ ಪೂರ್ತಿ ತಿರುಗುಮುರುಗು. ಬೇರೆ ವಿವರಣೆ ಕೊಡಬೇಕಾಗಿಲ್ಲ, ಯಾರಾದರೂ ಕೇಳಿಯೇ ಕೇಳುತ್ತಾರೆ.

ಆ ತಾಯಿಯ ಬಗ್ಗೆ ಮಲೆನಾಡಿನವರು ಹೇಳಿದ್ದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅವರಿಗೆ ಈಗ ಸ್ತುತಿಸಲು ಆಗದಿದ್ದರೆ ಆ ಹೊತ್ತಿನ ಸ್ತೋತ್ರವನ್ನು ಕೂಟದ ಉಳಿದವರು ಹೇಳಲಿ. ಸಭೆ ಎಂದು ಒಂದು ಇರುವುದೇ ಅದಕ್ಕೆ. 42ನೆಯ ಕೀರ್ತನೆಯ ಭಕ್ತನೂ ಕಣ್ಣೀರೇ ತನಗೆ ಹಗಲಿರುಳು ಆಹಾರವಾಗಿದೆಯೆಂದು ಹೇಳಿ, ತನ್ನ ಮನಸ್ಸಿಗೆ 'ಈಗಲೇ ಸ್ತುತಿಸು' ಎಂದು ಅಪ್ಪಣೆ ಮಾಡುವುದಿಲ್ಲ. ದೇವರಿಗಾಗಿ ಕಾದುಕೊಂಡಿರು, ಮುಂದೆ ಆತನನ್ನು ಸ್ತುತಿಸುವೆನು ಎನ್ನುತ್ತಾನೆ. ನಿಮ್ಮ ಮನೆಯ ಕೂಟಕ್ಕೆ ಅವರು ಬಂದರೆ ಹಾಡಲು ಕರೆಯಬೇಡಿ, ಪ್ರಾರ್ಥಿಸಲೂ ಹೇಳಬೇಡಿ. ಅವರಾಗಿ ಬಾಯಿ ತೆರೆದರೆ, ಬಂದದ್ದು ಬರೇ ಅಳುವಾದರೂ, ಕೊನೆಯಲ್ಲಿ ಎಲ್ಲರೂ 'ಆಮೆನ್' ಹೇಳಿ.